ವಾದ್ಯಕ್ಕೆ ವಿನಾಯಿತಿ, ಮರಕ್ಕಲ್ಲ

ವಿದೇಶದಿಂದ ಮರ ತರಿಸಲು ಹೊರಟ ಮೈಸೂರಿನ ವಾದ್ಯ ತಯಾರಕರು, ದುರಸ್ತಿಗಾರರು ನನ್ನಂಥ ಆಮದು ಸಲಹೆಗಾರರ ಬಳಿ ಬಂದಾಗ ಮೊದಲು ಕೇಳುವುದು ಇದನ್ನೇ: ‘ವಾದ್ಯಗಳಿಗೆ ಸೈಟಿಸ್ ಪರ್ಮಿಟ್ ಬೇಡ ಅಂತ ಆಗಿದೆಯಲ್ಲ ಸಾರ್, ಮತ್ತೆ ಕಾಗದ ಯಾಕೆ?’ ವಿನಾಯಿತಿ ದೊರೆತಿರುವುದು ಸಿದ್ಧವಾದ ವಾದ್ಯಕ್ಕೆ. ಮುಂದೆ ವಾದ್ಯವಾಗಲಿರುವ ಮರಕ್ಕೆ ಅದು ಅನ್ವಯಿಸುವುದಿಲ್ಲ.

ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ನಮ್ಮ ಬೀಟೆಯೂ ಸೇರಿರುವ ಡಾಲ್ಬರ್ಜಿಯಾ ಕುಲದ ಮರಗಳೆಲ್ಲವೂ 2017ರ ಜನವರಿ 2ರಿಂದ ಅದರ ಎರಡನೇ ಅನುಬಂಧಕ್ಕೆ, ಅಂದರೆ ಪರ್ಮಿಟ್ಟಿನೊಡನೆ ವ್ಯಾಪಾರ ಮಾಡಬಹುದಾದ ಜೀವಿಗಳ ವರ್ಗಕ್ಕೆ, ಒಳಪಟ್ಟವು. ಬ್ರೆಜಿಲ್‌ನ ಬೀಟೆ ಮಾತ್ರ 1992ರಿಂದಲೇ ಇನ್ನೂ ಕಠಿಣವಾದ ಮೊದಲನೇ ಅನುಬಂಧದಲ್ಲಿದೆ. ಇಡೀ ಕುಲವನ್ನೇ ಸೇರಿಸಲು ಕಾರಣವಿತ್ತು. ಚೀನಾದ ಐಷಾರಾಮಿ ಪೀಠೋಪಕರಣಗಳ ಬೇಡಿಕೆಗೆ ಕಾಡುಗಳು ಬರಿದಾಗುತ್ತಿದ್ದವು, ಮತ್ತು ಹಲಗೆಯಾಗಿ ಕೊಯ್ದ ಮೇಲೆ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಬಂದರಿನ ಅಧಿಕಾರಿಗೆ ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಆದರೆ ಈ ಬಲೆಗೆ ಗಿಟಾರು, ಕ್ಲಾರಿನೆಟ್ಟುಗಳೂ ಬಿದ್ದವು. ಆ ತೊಡಕನ್ನು ಸರಿಪಡಿಸಲೆಂದೇ 2019ರಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ ಸಭೆ ಸಿದ್ಧ ವಾದ್ಯಗಳನ್ನೂ ಅವುಗಳ ಸಿದ್ಧ ಬಿಡಿಭಾಗಗಳನ್ನೂ ಹೊರಗಿಟ್ಟಿತು. ಮೊದಲನೇ ಅನುಬಂಧದ ಬ್ರೆಜಿಲ್ ಬೀಟೆಗೆ ಈ ರಿಯಾಯಿತಿ ಇಲ್ಲ.

ಸಣ್ಣ ಕಾರ್ಯಾಗಾರಗಳು ಎಡವುವುದು ‘ಸಿದ್ಧ ಬಿಡಿಭಾಗ’ದಲ್ಲಿ. ನಿಗದಿತ ಉದ್ದೇಶಕ್ಕೆಂದೇ ರೂಪಿಸಿದ, ನೇರವಾಗಿ ಜೋಡಿಸಲು ತಯಾರಿರುವ ಭಾಗವಷ್ಟೇ ಈ ವರ್ಗಕ್ಕೆ ಸೇರುತ್ತದೆ. ಕಡೆದು ಮುಗಿಸಿದ, ತಂತಿ ಬಿಗಿಯುವ ಬಿರಡೆ ಅದರೊಳಗೆ ಬರುತ್ತದೆ, ಬಿರಡೆಗೆಂದು ಕತ್ತರಿಸಿಟ್ಟ ತುಂಡು ಬರುವುದಿಲ್ಲ. ಗಿಟಾರಿನ, ತಂತಿಗಳನ್ನು ಬೆರಳಿನಿಂದ ಒತ್ತುವ ಫಿಂಗರ್‌ಬೋರ್ಡಿಗೆಂದು ಅಳತೆಗೆ ಕೊಯ್ದ ಪಟ್ಟಿ, ಎಷ್ಟೇ ನಯವಾಗಿದ್ದರೂ, ಕಾನೂನಿನ ಕಣ್ಣಿಗೆ ಇನ್ನೂ ಕೊಯ್ದ ಮರವೇ. ಅದಕ್ಕೆ ಕಳುಹಿಸುವ ದೇಶದ ಸೈಟಿಸ್ ರಫ್ತು ಪರ್ಮಿಟ್ ಬೇಕು. ದೊಡ್ಡ ಕಂಪನಿ ಸಿದ್ಧ ವಾದ್ಯವನ್ನೇ ತರಿಸಿ ಮಾರಿಬಿಡುತ್ತದೆ. ಕೈಯಿಂದ ಕೆತ್ತುವವನಿಗೆ ಬೇಕಾಗಿರುವುದೇ ಈ ಅರೆಸಿದ್ಧ ಮರ, ಹಾಗಾಗಿ ಕಾಗದದ ಭಾರವೂ ಅವನ ಮೇಲೆಯೇ ಹೆಚ್ಚು ಬೀಳುತ್ತದೆ.

ಪಟ್ಟಿಯೋ ಬಿಡಿಭಾಗವೋ ಎಂಬ ವರ್ಗೀಕರಣ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಗಿಬ್ಸನ್ ಗಿಟಾರ್ ಕಂಪನಿಯ ಪ್ರಕರಣವಿದೆ. 2008ರಲ್ಲಿ ಸಸ್ಯಗಳಿಗೂ ವಿಸ್ತರಿಸಿದ ಲೇಸಿ ಕಾಯ್ದೆಯ ಪ್ರಕಾರ, ಮೂಲ ದೇಶದ ಕಾನೂನು ಮೀರಿ ಬಂದ ಮರವನ್ನು ಅಮೆರಿಕದೊಳಗೆ ತರುವುದೂ ಅಪರಾಧ. ಆ ಕಾಯ್ದೆಯಡಿ 2011ರಲ್ಲಿ ಭಾರತದಿಂದ ಹೋದ ಬೀಟೆ ಮತ್ತು ಎಬನಿ ಎಂಬ ಕಪ್ಪು ಗಟ್ಟಿಮರದ ಫಿಂಗರ್‌ಬೋರ್ಡ್ ಪಟ್ಟಿಗಳನ್ನು ವಶಪಡಿಸಿಕೊಳ್ಳಲಾಯಿತು. ಕೊಯ್ದ ಮರದ ರಫ್ತನ್ನು ನಿಷೇಧಿಸಿದ್ದ ಭಾರತದಿಂದ ಆ ಪಟ್ಟಿಗಳು ಯಾವ ಸುಂಕ ವರ್ಗದಡಿ ಹೊರಟವು ಎಂಬುದೇ ವಿವಾದದ ತಿರುಳು. 2012ರಲ್ಲಿ ಕಂಪನಿ, ಅದಕ್ಕೂ ಹಿಂದೆ ತರಿಸಿದ್ದ ಮಡಗಾಸ್ಕರ್ ಎಬನಿಯ ವಿಷಯವಾಗಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಭಾರತದ ಪಟ್ಟಿಗಳ ವರ್ಗೀಕರಣದಲ್ಲಿ ಗೊಂದಲವಿದೆಯೆಂದು ಎರಡೂ ಕಡೆಯವರು ಒಪ್ಪಿಕೊಂಡರು.

ಪಿಟೀಲಿನ ಕಮಾನಿಗೆ ಬಳಸುವ ಬ್ರೆಜಿಲ್‌ನ ಪೆರ್ನಾಂಬುಕೊ ಮರ 2007ರಿಂದ ಎರಡನೇ ಅನುಬಂಧದಲ್ಲಿದೆ, ಅದರ ಷರತ್ತುಗಳೂ ಬೇರೆ. ಹಳೆಯ ಮೈಸೂರು ವೀಣೆಗಳಲ್ಲಿ ದಂತದ ಕೆತ್ತನೆಯಿದ್ದರೆ ಮರದ ವಿನಾಯಿತಿಯಿಂದ ಏನೂ ಪ್ರಯೋಜನವಿಲ್ಲ. ಗಡಿ ದಾಟಿಸುವ ಮುನ್ನ ಆ ದಂತಕ್ಕೆ ಯಾವ ನಿಯಮವೆಂದು ಪ್ರತ್ಯೇಕವಾಗಿ ವಿಚಾರಿಸಬೇಕು.

ನಿಯಂತ್ರಣ ಸಡಿಲವಾಗಬೇಕೆಂದು ನಾನು ಹೇಳುವುದಿಲ್ಲ. ದಿಮ್ಮಿಯ ಹಂತದಲ್ಲಿ ತಪಾಸಣೆ ಬಿಗಿಯಾಗಿಯೇ ಇರಲಿ. ಆದರೆ 2023ರ ಏಪ್ರಿಲ್ 1ರಿಂದ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಸೈಟಿಸ್ ನಿಯಮಗಳನ್ನು ನಮ್ಮ ಕಾನೂನಿಗೇ ತಂದಿರುವಾಗ, ಹತ್ತಾರು ಪಟ್ಟಿ ತರಿಸುವ ಕುಶಲಕರ್ಮಿಗೂ ಹಡಗಿನಲ್ಲಿ ದಿಮ್ಮಿ ಇಳಿಸುವ ವ್ಯಾಪಾರಿಗೂ ಒಂದೇ ಅಲೆದಾಟವನ್ನು ಹೊರಿಸುವುದು ನ್ಯಾಯವಲ್ಲ. ಸಣ್ಣ ಪ್ರಮಾಣಕ್ಕೆ ಕನ್ನಡದಲ್ಲಿ ವಿವರಿಸಿದ ಸರಳ ಪ್ರಕ್ರಿಯೆ ಬೇಕು. ಅಲ್ಲಿಯವರೆಗೆ ಹಣ ಕಳುಹಿಸುವ ಮುನ್ನವೇ ಮರದ ವೈಜ್ಞಾನಿಕ ಹೆಸರು, ಬೆಳೆದ ದೇಶ ಮತ್ತು ಪರ್ಮಿಟ್ಟಿನ ಪ್ರತಿಯನ್ನು ಮಾರಾಟಗಾರನಿಂದ ಕೇಳಿ ಪಡೆಯಿರಿ. ಜಾತಿಯ ಬಗ್ಗೆ ಸಂಶಯವಿದ್ದರೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮಾದರಿಯನ್ನು ಗುರುತಿಸಿಕೊಡುತ್ತಾರೆ.