ಒಂದೇ ಗೆಲಾಕ್ಸಿ, ಬೇರೆ ಬೇರೆ ಗತಕಾಲ

ಮಳೆಗಾಲ ಕಳೆದು ಕೊಡಗಿನ ಆಕಾಶ ತಿಳಿಯಾಗುವ ನವೆಂಬರ್, ಡಿಸೆಂಬರ್‌ನಲ್ಲಿ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಕಾಣುತ್ತದೆ. ದೀಪಗಳಿಲ್ಲದ ಕಡೆ, ತಡಿಯಂಡಮೋಳ್ ತಪ್ಪಲಿನಂಥ ಜಾಗದಲ್ಲಿ, ಕತ್ತಲಾದ ಮೇಲೆ ಉತ್ತರಕ್ಕೆ ತಲೆ ಎತ್ತಿ ನೋಡಿದರೆ ಒಂದು ಮಸುಕು ಮಚ್ಚೆ. ಅದು ಗೆಲಾಕ್ಸಿಯ ನಡುಭಾಗ ಮಾತ್ರ. ಅದರ ಸುತ್ತ ಬಹುದೂರದವರೆಗೆ ಹಳೆಯ ನಕ್ಷತ್ರಗಳು ವಿರಳವಾಗಿ ಚದುರಿವೆ. ಅದನ್ನು ನಕ್ಷತ್ರ ಪ್ರಭಾವಲಯ ಎನ್ನುತ್ತೇವೆ. ಅದು ಹೇಗೆ ಕಟ್ಟಿಕೊಂಡಿತು ಎಂಬುದನ್ನು ಕಂಪ್ಯೂಟರಿನಲ್ಲಿ ಮರುಕಟ್ಟಿ ನೋಡುವುದು ನನ್ನ ಕೆಲಸ.

ನಮ್ಮ ಕ್ಷೀರಪಥಕ್ಕೂ ಇಂಥ ಪ್ರಭಾವಲಯವಿದೆ. ಒಟ್ಟು ನಕ್ಷತ್ರಗಳ ತೂಕದಲ್ಲಿ ಅದರ ಪಾಲು ಶೇ 1–2ರಷ್ಟೇ. ಆದರೂ ಗೆಲಾಕ್ಸಿಯ ಹಿಂದಿನ ಕಥೆಯ ದೊಡ್ಡ ಭಾಗ ಉಳಿದಿರುವುದು ಅಲ್ಲೇ. ಸೂರ್ಯ ಗೆಲಾಕ್ಸಿಯನ್ನು ಒಮ್ಮೆ ಸುತ್ತಲು ಸುಮಾರು 23 ಕೋಟಿ ವರ್ಷ ಸಾಕು. ಹೊರ ಅಂಚಿನ ನಕ್ಷತ್ರಕ್ಕೆ ನೂರಾರು ಕೋಟಿ ವರ್ಷ ಬೇಕು. ಹಾಗಾಗಿ ಬೇರೆ ಗೆಲಾಕ್ಸಿಗಳಿಂದ ಬಂದು ಸೇರಿದ ನಕ್ಷತ್ರಗಳು ಅಲ್ಲಿ ಇನ್ನೂ ಪೂರ್ತಿ ಬೆರೆತಿಲ್ಲ. ಅವುಗಳ ಚಲನೆ ಬೇರೆ, ರಾಸಾಯನಿಕ ಗುಣವೂ ಬೇರೆ. ಸಣ್ಣ ಗೆಲಾಕ್ಸಿಯಲ್ಲಿ ಹುಟ್ಟಿದ ನಕ್ಷತ್ರದಲ್ಲಿ ಕಬ್ಬಿಣ ಮತ್ತು ಮೆಗ್ನೀಸಿಯಂ ಇರುವ ಪ್ರಮಾಣ ನಮ್ಮಲ್ಲೇ ಹುಟ್ಟಿದವುಗಳ ಹಾಗಿರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಗಾಯಾ ಉಪಗ್ರಹದ ಎರಡನೇ ಕಂತಿನ ಮಾಹಿತಿ ಬಂತು. ಅದೇ ವರ್ಷ ಎರಡು ತಂಡಗಳು ತಮ್ಮ ತಮ್ಮ ದಾರಿಯಲ್ಲಿ ಒಂದೇ ತೀರ್ಮಾನಕ್ಕೆ ಬಂದವು: ಸುಮಾರು 1000 ಕೋಟಿ ವರ್ಷಗಳ ಹಿಂದೆ ಒಂದು ಗೆಲಾಕ್ಸಿ ಕ್ಷೀರಪಥಕ್ಕೆ ಅಪ್ಪಳಿಸಿ ಅದರೊಳಗೆ ಕರಗಿಹೋಗಿದೆ. ಗಾಯಾ–ಎನ್ಸೆಲಾಡಸ್ ಎಂದು ಅದಕ್ಕೆ ಹೆಸರು.

ಇಲ್ಲಿಂದ ಮುಂದೆ ಪ್ರಶ್ನೆ ಬಿಗಿಯಾಗುತ್ತದೆ. ಆ ಡಿಕ್ಕಿ ಇನ್ನೂ ದೊಡ್ಡದಾಗಿದ್ದರೆ, ಅಥವಾ ತಡವಾಗಿ ಆಗಿದ್ದರೆ, ಇಂದಿನ ಪ್ರಭಾವಲಯ ಹೇಗಿರುತ್ತಿತ್ತು? ಬೇರೆ ಬೇರೆ ಗೆಲಾಕ್ಸಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಸಿದ್ದಾಪುರದ ಒಂದು ರೊಬಸ್ಟಾ ಕಾಫಿ ತೋಟದಲ್ಲಿ ಫಸಲು ಚೆನ್ನಾಗಿ ಬಂತು, ಪೊನ್ನಂಪೇಟೆಯ ಇನ್ನೊಂದರಲ್ಲಿ ಬರಲಿಲ್ಲ ಎನ್ನೋಣ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನ, ನೆರಳು, ಮಣ್ಣು, ಗಿಡದ ವಯಸ್ಸು ಎಲ್ಲವೂ ಬೇರೆ. ಹೂಮಳೆಯೇ ಕಾರಣ ಎಂದು ಬೆಳೆಗಾರರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅದೇ ತೋಟ, ಅದೇ ಗಿಡ, ಮಳೆ ಮಾತ್ರ ಬೇರೆ ಎಂದಾದರೆ ಒಪ್ಪಿಯಾರು.

ತೋಟದಲ್ಲಿ ಸಾಧ್ಯವಾಗದ ಈ ಪರೀಕ್ಷೆ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಸಾಧ್ಯ. ಬ್ರಹ್ಮಾಂಡದ ಆರಂಭದಲ್ಲಿ ದ್ರವ್ಯ ಎಲ್ಲೆಡೆ ಹೆಚ್ಚುಕಡಿಮೆ ಸಮನಾಗಿತ್ತು, ಅಲ್ಲಲ್ಲಿ ತೀರಾ ಸಣ್ಣ ಏರಿಳಿತ ಮಾತ್ರ. ಆ ಏರಿಳಿತಗಳನ್ನು ಕೊಟ್ಟು ಗುರುತ್ವದ ನಿಯಮದಂತೆ ಲೆಕ್ಕ ಹಾಕುತ್ತಾ ಹೋದರೆ 1380 ಕೋಟಿ ವರ್ಷಗಳಲ್ಲಿ ಗೆಲಾಕ್ಸಿ ರೂಪುಗೊಳ್ಳುತ್ತದೆ. ಮುಂದೆ ಬಂದು ಡಿಕ್ಕಿ ಹೊಡೆಯಲಿರುವ ಗೆಲಾಕ್ಸಿಯ ಬೀಜವಾದ ಏರಿಳಿತ ಯಾವುದೆಂದು ಗುರುತಿಸಿ, ಅದನ್ನಷ್ಟೇ ತುಸು ಹಿಗ್ಗಿಸಬಹುದು, ಇಲ್ಲವೇ ಕುಗ್ಗಿಸಬಹುದು. ಸುತ್ತಲಿನ ಪರಿಸರ, ಗೆಲಾಕ್ಸಿಯ ಕೊನೆಯ ತೂಕ ಹಾಗೇ ಇರುವಂತೆ ಉಳಿದದ್ದನ್ನು ಹೊಂದಿಸಲಾಗುತ್ತದೆ. ವಂಶವಾಹಿ ತಿದ್ದಿದ ಹಾಗೆಯೇ ಇದು; ನಾವು ಕರೆಯುವುದೂ ಜೆನೆಟಿಕ್ ಮಾಡಿಫಿಕೇಶನ್ ಎಂದೇ.

ಖಗೋಳವಿಜ್ಞಾನಿಗಳಾದ ಮಾರ್ಟಿನ್ ರೇ ಮತ್ತು ಸ್ಟಾರ್ಕೆನ್‌ಬರ್ಗ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಕ್ಷೀರಪಥದಷ್ಟೇ ತೂಕದ ಎರಡು ಗೆಲಾಕ್ಸಿಗಳ ಗತಕಾಲವನ್ನು ಹೀಗೆ ಬದಲಿಸಿ ನೋಡಿತು. ಪ್ರಭಾವಲಯದ ಪಾಲಿನಲ್ಲಿ ಸುಮಾರು 30 ಪಟ್ಟು ವ್ಯತ್ಯಾಸ ಕಂಡಿತು. ನಿಜವಾದ ಗೆಲಾಕ್ಸಿಗಳ ನಡುವೆ ಕಾಣುವ ವೈವಿಧ್ಯವೂ ಹೆಚ್ಚುಕಡಿಮೆ ಅಷ್ಟೇ. 1000 ಕೋಟಿ ವರ್ಷಗಳಷ್ಟು ಹಿಂದಿನ ಡಿಕ್ಕಿಯನ್ನು ದೊಡ್ಡದು ಮಾಡಿದಾಗ ಹೊರಗಿನ ನಕ್ಷತ್ರಗಳು ಹೆಚ್ಚಾಗಿ ಒಳಭಾಗಕ್ಕೆ ಬಂದು ಸೇರಿದವು. ದೂರದ ಅಂಚನ್ನು ಕಟ್ಟಿದ್ದು ಆಮೇಲೆ ಬಂದ ಸಣ್ಣಪುಟ್ಟ ಗೆಲಾಕ್ಸಿಗಳು. ತಡವಾಗಿ ಆದ ದೊಡ್ಡ ಡಿಕ್ಕಿಯ ಪರಿಣಾಮ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅದು ಗೆಲಾಕ್ಸಿಯ ಸ್ವಂತ ನಕ್ಷತ್ರಗಳನ್ನೇ ಕಿತ್ತು ಹೊರಕ್ಕೆ ಚೆಲ್ಲುತ್ತದೆ. ಅಂದರೆ ಭಾರೀ ಪ್ರಭಾವಲಯ ಕಂಡ ತಕ್ಷಣ ಅದೆಲ್ಲ ಹೊರಗಿನಿಂದ ಬಂದದ್ದು ಎಂದು ಹೇಳುವಂತಿಲ್ಲ.

ಇಂಥ ಫಲಿತಾಂಶಗಳ ಜೊತೆ ಒಂದು ಷರತ್ತನ್ನೂ ಓದಬೇಕು. ಈ ಅಧ್ಯಯನದ ಸಿಮ್ಯುಲೇಶನ್‌ನಲ್ಲಿ ಇದ್ದದ್ದು ಕಪ್ಪುದ್ರವ್ಯ, ಅಂದರೆ ಬೆಳಕು ಬೀರದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ, ಮಾತ್ರ; ನಕ್ಷತ್ರಗಳನ್ನು ಆಮೇಲೆ ಒಂದು ಸೂತ್ರದ ಪ್ರಕಾರ ಅದರ ಮೇಲೆ ಗುರುತು ಹಾಕಲಾಗಿದೆ. ಇಷ್ಟು ಕಪ್ಪುದ್ರವ್ಯವಿರುವ ಕುಬ್ಜ (ತೀರಾ ಸಣ್ಣ) ಗೆಲಾಕ್ಸಿಯಲ್ಲಿ ಎಷ್ಟು ನಕ್ಷತ್ರಗಳಿರುತ್ತವೆ ಎಂಬ ಆ ಸೂತ್ರವನ್ನು ಬದಲಿಸಿದರೆ ವ್ಯತ್ಯಾಸದ ಪ್ರಮಾಣವೂ ಬದಲಾಗುತ್ತದೆ. ಈ ಎಚ್ಚರಿಕೆ ಇಲ್ಲದೆ ಚಿತ್ರಗಳನ್ನು ಮಾತ್ರ ಹಂಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮಡಿಕೇರಿ, ವಿರಾಜಪೇಟೆಯ ಪದವಿ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಇಂಥ ಅಧ್ಯಯನಕ್ಕೆ ಟೆಲಿಸ್ಕೋಪ್ ಬೇಡ, ಮೋಡವಿಲ್ಲದ ರಾತ್ರಿಯೂ ಬೇಡ. ಸಾವಿರಾರು ಗೆಲಾಕ್ಸಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿರುವ ಇಲಸ್ಟ್ರಿಸ್ ಟಿಎನ್‌ಜಿ ಸಿಮ್ಯುಲೇಶನ್‌ನ ಮಾಹಿತಿ ಸಾರ್ವಜನಿಕವಾಗಿ ಲಭ್ಯ. ಹೆಸರು ನೋಂದಾಯಿಸಿದರೆ ಸಾಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದರೆ ಸರಿಸುಮಾರು ಒಂದೇ ತೂಕದ ಎರಡು ಗೆಲಾಕ್ಸಿಗಳನ್ನು ಆರಿಸಿಕೊಳ್ಳಿ. ಕೇಂದ್ರದಿಂದ 1 ಲಕ್ಷ ಜ್ಯೋತಿರ್ವರ್ಷಗಳ ಆಚೆ ಎಷ್ಟು ನಕ್ಷತ್ರಗಳಿವೆ ಎಂದು ಎಣಿಸಿ, ಆಮೇಲೆ ಎರಡರ ವಿಲೀನದ ವಂಶಾವಳಿಯನ್ನು (ಯಾವ ಗೆಲಾಕ್ಸಿ ಯಾವಾಗ ಬಂದು ಸೇರಿತೆಂಬ ದಾಖಲೆ) ತೆರೆದು, ಕೊನೆಯ ದೊಡ್ಡ ಡಿಕ್ಕಿ ಯಾವಾಗ ಆಯಿತೆಂದು ನೋಡಿ.