ಪಲ್ಪರ್ ನೀರಿಗೆ ಬಿಸಿಲಿನ ಮದ್ದು: ಬಿಳಿ ಪುಡಿಯ ಐವತ್ತು ವರ್ಷ

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಪಲ್ಪರ್, ಅಂದರೆ ಕಾಫಿ ಹಣ್ಣು ಸುಲಿಯುವ ಯಂತ್ರದ ಸದ್ದು ಶುರು. ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿದು, ಬೀಜದ ಲೋಳೆ ತೊಳೆದ ನೀರು ಹೊಂಡಕ್ಕೆ ಹೋಗುತ್ತದೆ. ಎರಡೇ ದಿನದಲ್ಲಿ ಹುಳಿ ವಾಸನೆ. ಅದು ಹಾಗೇ ಹಳ್ಳಕ್ಕೆ ಬಿದ್ದರೆ, ಅದರ ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ಮುಗಿಸಿಬಿಡುತ್ತವೆ. ಮೀನು ಸಾಯುತ್ತವೆ. ಇಲ್ಲಿನ ಹಳ್ಳಗಳು ಕೊನೆಗೆ ಸೇರುವುದು ಹೇಮಾವತಿಗೋ ಭದ್ರೆಗೋ, ಅಲ್ವಾ?

ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಎನ್ನುತ್ತಾರೆ, ಬ್ರಿಟಿಷರು ಎಸ್ಟೇಟ್ ಮಾಡಿದರು, 1925ರಲ್ಲಿ ಬಾಳೆಹೊನ್ನೂರಿಗೆ ಕಾಫಿ ಸಂಶೋಧನಾ ಕೇಂದ್ರ ಬಂತು, 1974ರಲ್ಲಿ ಜಲಮಾಲಿನ್ಯ ಕಾಯ್ದೆ ಬಂತು. ಸುಣ್ಣ ಹಾಕಿ ಹುಳಿ ಕಡಿಮೆ ಮಾಡುವುದು, ಹೊಂಡದಲ್ಲಿ ಕೊಳೆಸುವುದು ರೂಢಿಯಾಯಿತು. ಸಕ್ಕರೆಯೇನೋ ಕೊಳೆತು ಹೋಗುತ್ತದೆ. ಕಪ್ಪು ಬಣ್ಣ ಮಾತ್ರ ಹೋಗುವುದಿಲ್ಲ. ಆ ಬಣ್ಣಕ್ಕೆ ಕಾರಣವಾದ ಹಣ್ಣಿನ ಒಗರಿನ ಅಂಶಗಳನ್ನು ಸೂಕ್ಷ್ಮಜೀವಿಗಳು ಸುಲಭಕ್ಕೆ ಮುಟ್ಟುವುದಿಲ್ಲ.

ಬೆಳಕು ಬಿದ್ದರೆ ಕೊಳೆ ಮುರಿಯುವ ಪುಡಿಯ ಮಾತು ಬರುವುದು ಇಲ್ಲಿ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ, ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆಯಬಹುದೆಂದು ತೋರಿಸಿದರು. ಗೋಡೆಯ ಪೇಂಟಿಗೆ ಬೆರೆಸುವ ಬಿಳಿ ಪುಡಿಯೇ ಅದು. 1977ರಲ್ಲಿ ಫ್ರಾಂಕ್ ಮತ್ತು ಬಾರ್ಡ್ ಅದರಿಂದ ನೀರಿನಲ್ಲಿದ್ದ ಸಯನೈಡ್ ಮುರಿದರು. ಪುಡಿ ಒಂದು ಅರೆವಾಹಕ. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ. ಖಾಲಿಯಾದ ಜಾಗ ಪಕ್ಕದ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಹುಟ್ಟುವ ಹೈಡ್ರಾಕ್ಸಿಲ್ ಕಣ ಎದುರಿಗೆ ಸಿಕ್ಕ ಕೊಳೆಯನ್ನು ತುಂಡು ತುಂಡು ಮಾಡುತ್ತದೆ. ಪುಡಿ ಖರ್ಚಾಗುವುದಿಲ್ಲ.

ತೊಡಕು ಏನೆಂದರೆ, ಈ ಪುಡಿಗೆ ಬೇಕಾದದ್ದು ಅತಿನೇರಳೆ ಕಿರಣ. ಬಿಸಿಲಿನಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ಹಾಗಾಗಿ ಕಣ್ಣಿಗೆ ಕಾಣುವ ಬೆಳಕಿನಲ್ಲೂ ದುಡಿಯುವ ಬಿಸ್ಮತ್ ವನಡೇಟ್, ಕಾರ್ಬನ್ ನೈಟ್ರೈಡ್ ಎಂಬ ಬೇರೆ ಪುಡಿಗಳ ಕಡೆ ಸಂಶೋಧಕರು ಹೊರಳಿದರು. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಪರೀಕ್ಷೆ ನಡೆದದ್ದು ತಿಳಿ ನೀರಿಗೆ ಬೆರೆಸಿದ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಮೇಲೆ. ನನಗೆ ಇಲ್ಲೇ ಅಸಮಾಧಾನ. ನಮ್ಮ ಹೊಂಡದ ನೀರು ಅಷ್ಟು ತಿಳಿಯಲ್ಲ.

ಸುಣ್ಣ ಬಿದ್ದು ಕಪ್ಪಾದ ನೀರನ್ನು ಗಾಜಿನ ಲೋಟಕ್ಕೆ ತುಂಬಿ ಕಿಟಕಿಗೆ ಹಿಡಿದೆ. ಹಿಂದಿನ ಬೆರಳು ಕಾಣಲಿಲ್ಲ. ಬೆಳಕೇ ಒಳಗೆ ಹೋಗದಿದ್ದರೆ ಎಂಥ ಪುಡಿ ಹಾಕಿದರೂ ಸುಮ್ನೆ. ಅದೇ ನೀರನ್ನು ಊಟದ ತಟ್ಟೆಗೆ ತೆಳ್ಳಗೆ ಸುರಿದೆ. ತಳದ ಹೂವಿನ ಚಿತ್ರ ಕಂಡಿತು. ಸ್ಪೇನಿನ ಅಲ್ಮೇರಿಯಾದ ಸೌರ ಕೇಂದ್ರದಲ್ಲೂ ನೀರನ್ನು ಕಿರಿದಾದ ಗಾಜಿನ ಕೊಳವೆಗಳಲ್ಲಿ ಹರಿಸಿ, ಹಿಂದೆ ಕನ್ನಡಿ ಇಟ್ಟು ಪ್ರಯೋಗ ಮಾಡಿದ್ದಾರೆ. ಪುಡಿಗೆ ಬೇಕಾದ ಬಿಸಿಲಿಗೂ ನಮ್ಮಲ್ಲಿ ಕೊರತೆಯಿಲ್ಲ. ಪಲ್ಪಿಂಗ್ ಕಾಲದಲ್ಲಿ ಮಲೆನಾಡಿನಲ್ಲಿ ಸಾಮಾನ್ಯವಾಗಿ ಮಳೆಯಿರುವುದಿಲ್ಲ. ಕಾಫಿ ಒಣಗಿಸುವ ಕಣದ ತುಂಬ ಬಿಸಿಲಿರುತ್ತದೆ.