ಟ್ರೇ ಪೀಸೋ, ಬಾಕ್ಸ್ ಪೀಸೋ?

ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳಾದ ಚಿಪ್, ಕೇಳಿದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಬಾಕ್ಸ್ ಎಂದರೆ ಕಂಪನಿಯೇ ಮೊಹರು ಹಾಕಿದ ಡಬ್ಬಿ. ಟ್ರೇ ಎಂದರೆ ಅದೇ ಚಿಪ್ ಬರಿಮೈಯಲ್ಲಿ, ಅಂಗೈಯಗಲದ ಪ್ಲಾಸ್ಟಿಕ್ ಕವಚದೊಳಗೆ. ಸಿದ್ಧ ಕಂಪ್ಯೂಟರ್ ತಯಾರಿಸುವವರಿಗೆಂದು ತಟ್ಟೆಗಳಲ್ಲಿ ಜೋಡಿಸಿ ಕಳುಹಿಸಿದ ಸರಕಿನಲ್ಲಿ ಒಂದಷ್ಟು ಹೀಗೆ ಚಿಲ್ಲರೆ ಅಂಗಡಿಗೂ ಹರಿದು ಬರುತ್ತದೆ. ವೇಗದಲ್ಲಿ ಎರಡಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಹಾಗಾದರೆ ಡಬ್ಬಿಗೆ ಹೆಚ್ಚು ಹಣ ಏಕೆ ಎಂದು ಗಿರಾಕಿಗಳು ಕೇಳುವುದು ನ್ಯಾಯವೇ.

ಆ ಹಣ ರಟ್ಟಿಗಲ್ಲ, ಕೆಟ್ಟಾಗ ಯಾರ ಬಾಗಿಲು ತಟ್ಟಬಹುದು ಎಂಬುದಕ್ಕೆ. ಚಿಪ್ ಕಂಪನಿಗಳಾದ ಇಂಟೆಲ್, ಎಎಂಡಿ ಎರಡೂ ಡಬ್ಬಿಯ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಮೂರು ವರ್ಷ ನೇರ ವಾರಂಟಿ ಕೊಡುತ್ತವೆ. ಟ್ರೇ ಚಿಪ್ ಹಿಡಿದು ಹೋದರೆ, ಕೊಂಡ ಕಡೆಯೇ ವಿಚಾರಿಸಿ ಎನ್ನುತ್ತವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಸವೆದು ಕಂಪ್ಯೂಟರ್ ಪದೇ ಪದೇ ನಿಲ್ಲತೊಡಗಿದಾಗ ಇದರ ಅರ್ಥ ಅನೇಕರಿಗೆ ಹೊಳೆಯಿತು. 2024ರ ಆಗಸ್ಟ್‌ನಲ್ಲಿ ಕಂಪನಿ ಅವುಗಳ ವಾರಂಟಿಯನ್ನು ಇನ್ನೆರಡು ವರ್ಷ ಹಿಗ್ಗಿಸಿತು. ಡಬ್ಬಿಯವರು ನೇರ ಇಂಟೆಲ್‌ಗೇ ಬರೆದರು. ಟ್ರೇಯವರು ಅಂಗಡಿಯವನನ್ನು ಹುಡುಕಬೇಕಾಯಿತು. ಅಷ್ಟರಲ್ಲಿ ಅವನು ಅಂಗಡಿ ಎತ್ತಿ ಮೊಬೈಲ್ ಕವರ್ ವ್ಯಾಪಾರಕ್ಕೆ ಇಳಿದಿದ್ದರೆ?

ಇನ್ನೊಂದು ಲೆಕ್ಕ ಫ್ಯಾನಿನದು. ಎಎಂಡಿಯ ರೈಜನ್ 5 5600 ಚಿಪ್ಪಿನ ಡಬ್ಬಿಯಲ್ಲಿ ಕೂಲರ್, ಅಂದರೆ ಚಿಪ್ಪನ್ನು ತಣ್ಣಗಿಡುವ ಫ್ಯಾನು, ಜೊತೆಗೇ ಬರುತ್ತದೆ, ಅದರ ತಳಕ್ಕೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಕೂಡ ಬಳಿದಿರುತ್ತದೆ. ಟ್ರೇಯಲ್ಲಿ ಉಳಿಸಿದ ಹಣದ ಬಹುಪಾಲನ್ನು ಬೇರೆ ಕೂಲರ್ ನುಂಗಿಬಿಡುತ್ತದೆ. ಹೆಸರಿನ ಕೊನೆಯಲ್ಲಿ ‘ಕೆ’ ಇರುವ ಇಂಟೆಲ್ ಚಿಪ್‌ಗಳ ಡಬ್ಬಿಯಲ್ಲಿ ಹೇಗೂ ಕೂಲರ್ ಇರುವುದಿಲ್ಲ. ಅಲ್ಲಿ ಈ ಮಾತು ಬರುವುದೇ ಇಲ್ಲ.

ಕಳೆದ ವರ್ಷ ಒಬ್ಬ ಹುಡುಗ ಟ್ರೇ ಚಿಪ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ನನ್ನ ಮೇಜಿನ ಮುಂದೆ ನಿಂತ. ಎಎಂಡಿಯ ಎಎಂ4 ಮಾದರಿಯಲ್ಲಿ ಮದರ್‌ಬೋರ್ಡಿಗೆ ಕೂರುವ ಲೋಹದ ಕಾಲುಗಳಿರುವುದು ಚಿಪ್‌ಗೇ, ಒಟ್ಟು 1,331. ಕವಚದ ಮುಚ್ಚಳ ಸಡಿಲವಾಗಿ ಒಂದು ಮೂಲೆಯ ನಾಲ್ಕು ಕಾಲುಗಳು ಗಾಳಿಗೆ ಸಿಕ್ಕ ಭತ್ತದ ಪೈರಿನಂತೆ ಮಲಗಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ಕೊಳವೆಯನ್ನು ಒಂದೊಂದೇ ಕಾಲಿಗೆ ತೊಡಿಸಿ, ಭೂತಗನ್ನಡಿಯಲ್ಲಿ ನೋಡುತ್ತ ಎತ್ತಿ ನಿಲ್ಲಿಸಿದೆ. ಮೂರು ನಿಂತವು, ನಾಲ್ಕನೆಯದು ಬುಡದಲ್ಲೇ ಮುರಿಯಿತು. ಅದು ಹಲವು ಗ್ರೌಂಡ್ ಕಾಲುಗಳಲ್ಲಿ ಒಂದಾಗಿದ್ದರಿಂದ ಚಿಪ್ ಬದುಕಿತು. ಆ ಅದೃಷ್ಟಕ್ಕೆ ನಾನು ಮಜೂರಿ ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಹೇಳಿದ ನಾನೇ ಹಾರ್ಡ್ ಡಿಸ್ಕ್ ಮಾತ್ರ ಡಬ್ಬಿಯಿಲ್ಲದೆಯೇ ಕೊಳ್ಳುತ್ತೇನೆ. ಸ್ಥಿರ ವಿದ್ಯುತ್ ತಡೆಯುವ ಬೆಳ್ಳಿ ಬಣ್ಣದ ಚೀಲ ಒಡೆಯದಿದ್ದರೆ ಸಾಕು. ದುಡ್ಡು ಕೊಡುವ ಮೊದಲು ಸರಣಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡುತ್ತೇನೆ. ಬೇರೆ ಕಂಪನಿಯ ಕಂಪ್ಯೂಟರ್‌ಗೆಂದು ಮಾರಿದ ಡಿಸ್ಕ್ ಆಗಿದ್ದರೆ ಅಲ್ಲಿ ವಾರಂಟಿ ಸಿಗುವುದಿಲ್ಲ.

ಎಸ್ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಡ್ರೈವ್, ಅದರ ವಿಷಯ ಸ್ವಲ್ಪ ಜಟಿಲ. ಸ್ಯಾಮ್‌ಸಂಗ್‌ನ ಪಿಎಂ9ಎ1 ಎಂಬುದು ಡಬ್ಬಿಯಲ್ಲಿ ಬರುವ 980 ಪ್ರೋದ ಒಡಹುಟ್ಟು, ಲ್ಯಾಪ್‌ಟಾಪ್ ತಯಾರಕರಿಗೆ ಹೋಗುವಂಥದು. 980 ಪ್ರೋದ ಹಳೆಯ ಫರ್ಮ್‌ವೇರ್‌ನಲ್ಲಿ, ಅಂದರೆ ಡ್ರೈವ್‌ನೊಳಗೇ ಇರುವ ತಂತ್ರಾಂಶದಲ್ಲಿ, ಡ್ರೈವ್ ಬರೆಯುವುದನ್ನೇ ನಿಲ್ಲಿಸುವ ದೋಷ ಕಂಡಾಗ, ಡಬ್ಬಿಯಲ್ಲಿ ಕೊಂಡವರು ಸ್ಯಾಮ್‌ಸಂಗ್‌ನ ಮ್ಯಾಜಿಶಿಯನ್ ತಂತ್ರಾಂಶದಿಂದಲೇ ಪರಿಹಾರ ಪಡೆದರು. ಪಿಎಂ9ಎ1ಗೆ ಫರ್ಮ್‌ವೇರ್ ಬರುವುದು ಲ್ಯಾಪ್‌ಟಾಪ್ ಕಂಪನಿಯ ಮೂಲಕ. ಬಿಡಿಯಾಗಿ ಕೊಂಡವನಿಗೆ ಆ ಕಂಪನಿ ಯಾವುದೆಂದೇ ಗೊತ್ತಿರುವುದಿಲ್ಲ.

ಡಬ್ಬಿ ಇದೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಬೇಡಿ. ಖಾಲಿ ಡಬ್ಬಿಗೆ ಟ್ರೇ ಚಿಪ್ ತುಂಬಿದ್ದನ್ನೂ ಕಂಡಿದ್ದೇನೆ. ಚೀಟಿಯ ಮೇಲಿನ ಸಂಖ್ಯೆಯೂ ಚಿಪ್ ಮೇಲೆ ಅಚ್ಚಾದ ಸಂಖ್ಯೆಯೂ ತಾಳೆಯಾಗಬೇಕು. ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ ನಮೂದಿಸಿದ ಚೀಟಿ ಇಲ್ಲದ ಡಬ್ಬಿ ಎಲ್ಲಿಂದಲೋ ಸುತ್ತಿ ಬಂದದ್ದು.

ಟ್ರೇಯೇ ಬೇಕು ಎನ್ನುವವರು ಚಿಪ್‌ನ ಸರಣಿ ಸಂಖ್ಯೆಯನ್ನೂ ವಾರಂಟಿ ಅವಧಿಯನ್ನೂ ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ತಡವರಿಸುವ ಅಂಗಡಿಯಿಂದ ಪಕ್ಕದ ಅಂಗಡಿಗೆ ಹತ್ತೇ ಹೆಜ್ಜೆ.